ಬೆಟ್ಟದ ಮೇಲೆ ಹರಿದರೆ, ಮುರಿದರೆ, ಸೋರಿದರೆ: ಟೆಂಟು, ಬ್ಯಾಗು, ಶೂಗಳ ದೋಷ ನಿವಾರಣೆ ಕೈಪಿಡಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಬೆಟ್ಟಗಳಲ್ಲಿ ಸಾಮಾನು ಕೆಡುವ ರೀತಿಯೇ ಬೇರೆ. ಮಲೆನಾಡಿನಲ್ಲಿ ಮಳೆ, ಜಿಗಣೆ, ಬೂಷ್ಟು. ಇಲ್ಲಿ ಉಪ್ಪುಕಾಗದದಂಥ ಕಲ್ಲು, ಜಾಲಿಮುಳ್ಳು, ಲಂಟಾನ, ಕೆಮ್ಮಣ್ಣಿನ ದೂಳು, ಬಿಸಿಲು. ಮಧುಗಿರಿಯ ಏಕಶಿಲೆಯಲ್ಲಿ ಕುಳಿತು ಜಾರಿದರೆ ಬ್ಯಾಗಿನ ತಳ ಸವೆಯುತ್ತದೆ. ಅಂತರಗಂಗೆಯ ಗುಹೆಗಳ ಸಂದಿನಲ್ಲಿ ತೂರಿದರೆ ಪಕ್ಕದ ಜೇಬು ಹರಿಯುತ್ತದೆ. ದೇವರಾಯನದುರ್ಗದಲ್ಲಿ ಊಟದ ವಾಸನೆ ಹಿಡಿದ ಕೋತಿ ಜಿಪ್ಪನ್ನು ತೆಗೆಯುವ ಗೋಜಿಗೆ ಹೋಗದೆ ಬಟ್ಟೆಯನ್ನೇ ಸೀಳುತ್ತದೆ.

ಬೆಟ್ಟದಲ್ಲಿ ಮಾಡಿದ ರಿಪೇರಿ ನಿಲ್ಲದಿರುವುದಕ್ಕೆ ಕೈಕೆಲಸ ಕಾರಣವಾಗುವುದು ಅಪರೂಪ. ತಂದ ವಸ್ತು ಆ ಸಾಮಾನಿಗೆ ಹೊಂದದೇ ಇರುವುದೇ ಹೆಚ್ಚು. ಸಿಲಿಕೋನ್ ಲೇಪದ ಬಟ್ಟೆಗೆ ಮಾಮೂಲಿ ಟೇಪ್ ಅಂಟದು. ಗಾಳಿ ತುಂಬಿ ಮಲಗುವ ಮ್ಯಾಟಿಗೆ ಸೈಕಲ್ ಪಂಕ್ಚರ್ ಸೊಲ್ಯೂಷನ್ ಹಿಡಿಯದು. ಟೆಂಟನ್ನು ಎತ್ತಿ ನಿಲ್ಲಿಸುವ ಒಂಬತ್ತೂವರೆ ಮಿಲಿಮೀಟರ್ ಪೋಲು ಮುರಿದರೆ ಅದರ ಮೇಲೆ ಒಂಬತ್ತು ಮಿಲಿಮೀಟರ್ ರಿಪೇರಿ ಕೊಳವೆ ಏರದು. ಸಿದ್ಧವಾಗಿ ಸಿಗುವ ರಿಪೇರಿ ಕಿಟ್ ಎಲ್ಲರ ಸಾಮಾನಿಗೂ ಅಂತ ಮಾಡಿದ್ದು, ಆದ್ದರಿಂದ ಯಾರದ್ದಕ್ಕೂ ಸರಿಯಾಗಿ ಕೂರುವುದಿಲ್ಲ. ನಿಮ್ಮ ಕಿಟ್ ನಿಮ್ಮ ಟೆಂಟನ್ನು ಅಳೆದು ಕಟ್ಟಿದ್ದಾಗಿರಬೇಕು.

ಇನ್ನೊಂದು ಮಾತು: ಅರಣ್ಯ ಇಲಾಖೆಯ ಸುಪರ್ದಿಯಲ್ಲಿರುವ ಬೆಟ್ಟಗಳಿಗೆ ಮೊದಲೇ ಅನುಮತಿ ಪಡೆಯಬೇಕು. ರಾತ್ರಿ ಉಳಿಯಲು ಎಲ್ಲ ಕಡೆ ಬಿಡುವುದಿಲ್ಲ. ಮುಂದೆ ಟೆಂಟಿನ ಬಗ್ಗೆ ಹೇಳಿರುವುದೆಲ್ಲ ಅನುಮತಿ ಇರುವ ಜಾಗಕ್ಕೆ, ಅಥವಾ ಮಾಲೀಕರನ್ನು ಕೇಳಿ ತಂಗುವ ಬೆಟ್ಟದ ಬುಡದ ತೋಟಕ್ಕೆ.

ಹೊರಡುವ ಮೊದಲು ಅಳತೆ

ಪೋಲಿನ ಹೊರವ್ಯಾಸ ಬೇಕು. ವ್ಯಾಸ ಅಳೆಯುವ ವರ್ನಿಯರ್ ಇಲ್ಲದಿದ್ದರೆ ಕಾಗದದ ಪಟ್ಟಿಯೊಂದನ್ನು ಪೋಲಿಗೆ ಬಿಗಿಯಾಗಿ ಒಂದು ಸುತ್ತು ಸುತ್ತಿ, ಸೇರುವಲ್ಲಿ ಗುರುತು ಮಾಡಿ, ಆ ಉದ್ದವನ್ನು 3.14ರಿಂದ ಭಾಗಿಸಿ. 26.7 ಮಿ.ಮೀ. ಬಂದರೆ ಪೋಲು 8.5 ಮಿ.ಮೀ.; 29.8 ಬಂದರೆ 9.5.

ಬಟ್ಟೆಯ ಲೇಪ ಯಾವುದು ಎಂದು ತಿಳಿಯಲು ಹೊಲಿಗೆಯ ಒಳಭಾಗ ನೋಡಿ. ಹೊಲಿಗೆಯ ಉದ್ದಕ್ಕೂ ತೆಳು ಪ್ಲಾಸ್ಟಿಕ್ ಪಟ್ಟಿ ಅಂಟಿಸಿದ್ದರೆ ಆ ಬದಿ ಪಿಯು, ಅಂದರೆ ಪಾಲಿಯುರಿಥೇನ್. ಪಟ್ಟಿ ಇಲ್ಲದೆ, ಬಟ್ಟೆ ಎಣ್ಣೆ ಸವರಿದಂತೆ ಜಾರುತ್ತಿದ್ದರೆ ಸಿಲಿಕೋನ್ ಇರಬಹುದು. ಅನುಮಾನ ಇದ್ದರೆ ಒಂದು ಮೂಲೆಯಲ್ಲಿ ಟೇಪಿನ ಚೂರು ಒತ್ತಿ ಎಳೆದು ನೋಡಿ. ಬಿಗಿಯಾಗಿ ಹಿಡಿದರೆ ಪಿಯು, ಪಿಸುಗುಡದೆ ಎದ್ದುಬಂದರೆ ಸಿಲಿಕೋನ್. ಹೊರಗೆ ಸಿಲಿಕೋನ್, ಒಳಗೆ ಪಿಯು ಇರುವ ಟೆಂಟುಗಳೂ ಇವೆ. ಅವಕ್ಕೆ ತೇಪೆಯನ್ನು ಒಳಗಿನಿಂದಲೇ ಹಾಕಬೇಕು.

ಬ್ಯಾಗಿನ ಬಕಲ್ ಬದಲಿಸಬೇಕಾದರೆ ಅದರಲ್ಲಿ ಹಾಯುವ ಪಟ್ಟಿಯ ಅಗಲ ಗೊತ್ತಿರಬೇಕು. ಸಾಮಾನ್ಯವಾಗಿ ಎದೆಪಟ್ಟಿ 20 ಮಿ.ಮೀ., ಸೊಂಟಪಟ್ಟಿ 25 ಅಥವಾ 38. ಜಿಪ್ ರನ್ನರಿನ ಹಿಂಬದಿಯಲ್ಲಿ ಅಂಕಿ ಕೆತ್ತಿರುತ್ತದೆ: 5, 8, 10. ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕಿಟ್ಟಿನೊಳಗೇ ಇಡಿ. ಅಂಗಡಿಯವರ ಮುಂದೆ ನಿಂತಾಗ ಈ ಚೀಟಿಯೇ ದಾರಿ ತೋರಿಸುವುದು.

ಬೆಳಿಗ್ಗೆ ಟೆಂಟಿನೊಳಗೆ ನೀರು

ಜನ ತಪ್ಪಾಗಿ ಊಹಿಸುವುದು ಇದನ್ನೇ ಹೆಚ್ಚು. ಮಳೆಯೇ ಬಿದ್ದಿಲ್ಲ, ಆದರೂ ಹೊರಹೊದಿಕೆಯ ಒಳಮೈ ತುಂಬಾ ಸಣ್ಣ ಹನಿ. ಅದು ಸೋರಿಕೆಯಲ್ಲ, ಉಸಿರಿನ ತೇವ. ಒಬ್ಬ ಮನುಷ್ಯ ಮಲಗಿದ್ದಾಗ ಒಂದು ರಾತ್ರಿಗೆ ನೂರಾರು ಮಿಲಿಲೀಟರ್ ನೀರನ್ನು ಗಾಳಿಗೆ ಬಿಡುತ್ತಾನೆ. ಆ ಗಾಳಿ ತಣ್ಣನೆಯ ಬಟ್ಟೆಗೆ ತಗುಲಿ ಹನಿಯಾಗುತ್ತದೆ. 1,478 ಮೀಟರ್ ಎತ್ತರದ ನಂದಿಬೆಟ್ಟದ ಸುತ್ತ ಡಿಸೆಂಬರ್, ಜನವರಿಯ ಮಂಜಿನಲ್ಲಿ ಇದು ಸಾಮಾನ್ಯ. ಚಿಕ್ಕಬಳ್ಳಾಪುರ ಪೇಟೆಗಿಂತ ಬೆಟ್ಟದ ತುದಿ ಮೂರು ನಾಲ್ಕು ಡಿಗ್ರಿ ತಂಪು. ಇದಕ್ಕೆ ಗಮ್ ಹಚ್ಚಿದರೆ ಏನೂ ಆಗದು. ಗಾಳಿಕಿಂಡಿ ತೆರೆಯಿರಿ, ಬಾಗಿಲ ಜಿಪ್ಪನ್ನು ಮೇಲಿನಿಂದ ಒಂದು ಗೇಣು ಬಿಡಿ, ಒದ್ದೆ ಬಟ್ಟೆಯನ್ನು ಒಳಗೆ ಹರವಬೇಡಿ.

ನಿಜವಾದ ಸೋರಿಕೆಯ ಗುರುತು ಬೇರೆ. ನೀರು ಹೊಲಿಗೆಯ ಗೆರೆಯಲ್ಲೇ ಸಾಲಾಗಿ ಇಳಿದಿದ್ದರೆ ಹೊಲಿಗೆಯ ಪಟ್ಟಿ ಎದ್ದಿದೆ. ಮಂಡಿ ಊರಿದಲ್ಲಿ ಮಾತ್ರ ತಳ ಒದ್ದೆಯಾದರೆ ತಳದ ಲೇಪ ಸವೆದಿದೆ. ತಳದ ಅಂಚಿನುದ್ದಕ್ಕೂ ಒದ್ದೆಯಿದ್ದರೆ ಕೆಳಗೆ ಹಾಸಿದ ಟಾರ್ಪಾಲು ಟೆಂಟಿನಿಂದ ಹೊರಚಾಚಿ, ಹೊದಿಕೆಯಿಂದ ಇಳಿದ ನೀರನ್ನು ಹಿಡಿದು ಅಡಿಗೆ ತುಂಬುತ್ತಿದೆ. ಇದಕ್ಕೆ ಕಾಸು ಖರ್ಚಿಲ್ಲ: ಟಾರ್ಪಾಲಿನ ಅಂಚನ್ನು ಟೆಂಟಿನ ಅಂಚಿಗಿಂತ ಐದು ಸೆಂಟಿಮೀಟರ್ ಒಳಕ್ಕೆ ಮಡಚಿ.

ಇನ್ನೊಂದು ಲಕ್ಷಣಕ್ಕೆ ಬೆಟ್ಟದಲ್ಲಿ ಮದ್ದಿಲ್ಲ. ಬಟ್ಟೆ ಒಳಗಡೆ ಅಂಟಂಟಾಗಿ, ಹೊಟ್ಟಿನಂತೆ ಸುಲಿದು, ಹುಳಿ ವಾಂತಿಯ ವಾಸನೆ ಹೊಡೆದರೆ ಪಿಯು ಲೇಪ ತೇವಕ್ಕೆ ಸಿಕ್ಕಿ ಕೊಳೆತಿದೆ. ಒದ್ದೆಯಿದ್ದಾಗಲೇ ಮಡಚಿ, ಬಿಸಿಯಾಗುವ ಅಟ್ಟದಲ್ಲೋ ಕಾರಿನ ಡಿಕ್ಕಿಯಲ್ಲೋ ಇಟ್ಟ ಟೆಂಟುಗಳಿಗೆ ಈ ಗತಿ. ಅದರ ಮೇಲೆ ಯಾವ ಟೇಪೂ ನಿಲ್ಲದು. ಹೊರಗೊಂದು ಟಾರ್ಪಾಲು ಕಟ್ಟಿ ಆ ರಾತ್ರಿ ಕಳೆಯಿರಿ, ಅಷ್ಟೆ.

ಹರಿದ ಬಟ್ಟೆ

ತೇಪೆ ಹಾಕುವ ಮೊದಲು ಹರಿದ ಜಾಗದ ಪಕ್ಕದ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಎಳೆಯಿರಿ. ಕಾಗದದಂತೆ ಪರ್‍ರನೆ ಮುಂದಕ್ಕೆ ಸೀಳಿದರೆ ಬಿಸಿಲಿಗೆ ನೂಲು ಸತ್ತಿದೆ. ಹಗಲೆಲ್ಲ ಬಂಡೆಯ ಮೇಲೆ ಟೆಂಟು ಹಾಕಿಯೇ ಬಿಟ್ಟರೆ ನೈಲಾನು ಬೇಗ ಹೀಗಾಗುತ್ತದೆ. ಅಂಥ ಬಟ್ಟೆಗೆ ಹಾಕಿದ ತೇಪೆ ಗಟ್ಟಿಯಾಗಿಯೇ ಇರುತ್ತದೆ, ಬಟ್ಟೆ ಅದರ ಅಂಚಿನಲ್ಲಿ ಹರಿಯುತ್ತದೆ.

ಬಟ್ಟೆ ಗಟ್ಟಿಯಿದ್ದರೆ ಕೆಲಸ ಸುಲಭ. ದೂಳು ಒರೆಸಿ, ಸ್ಪಿರಿಟ್ ಬಿಲ್ಲೆಯಿಂದ ಉಜ್ಜಿ, ಎರಡು ನಿಮಿಷ ಆರಲು ಬಿಡಿ. ಇಂಜೆಕ್ಷನ್ ಕೊಡುವ ಮುನ್ನ ಚರ್ಮ ಒರೆಸುವ ಬಿಲ್ಲೆ ಸಾಕು, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಜರ್ ಜೆಲ್ ಬೇಡ, ಅದರಲ್ಲಿರುವ ಗ್ಲಿಸರಿನ್ ಬಟ್ಟೆಯ ಮೇಲೆ ಉಳಿದು ಅಂಟಿಗೆ ಅಡ್ಡ ಬರುತ್ತದೆ. ಹರಿದ ಅಂಚುಗಳನ್ನು ಒಂದಕ್ಕೊಂದು ತಾಗಿಸಿ ಚಪ್ಪಟೆಯಾಗಿ ಹರವಿ. ತೇಪೆಯನ್ನು ಎಲ್ಲ ಬದಿಗೂ ಎರಡೂವರೆ ಸೆಂಟಿಮೀಟರ್ ಹೆಚ್ಚಿಗೆ ಕತ್ತರಿಸಿ, ನಾಲ್ಕೂ ಮೂಲೆಯನ್ನು ದುಂಡಗೆ ಮಾಡಿ. ಚೂಪು ಮೂಲೆ ಬಿಟ್ಟರೆ ಬ್ಯಾಗಿನೊಳಗೆ ಉಜ್ಜಿ ಮೊದಲು ಅದೇ ಏಳುತ್ತದೆ. ಅಂಟಿಸಿದ ಮೇಲೆ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಒತ್ತಿ ಉಜ್ಜಿ.

ಎಳೆತ ಬೀಳುವ ಜಾಗಗಳಲ್ಲಿ, ಅಂದರೆ ಹಗ್ಗ ಕಟ್ಟುವ ಕೊಂಡಿಯ ಬುಡ, ಪೋಲು ಕೂರುವ ಮೂಲೆ, ಬರೀ ಟೇಪು ಸಾಲದು. ಮೊದಲು ಹೊಲಿಯಿರಿ, ಆಮೇಲೆ ಎರಡೂ ಬದಿಗೆ ತೇಪೆ. ಪಾಲಿಯೆಸ್ಟರ್ ದಾರವೇ ಬೇಕು. ಹತ್ತಿ ದಾರ ತೇವಕ್ಕೆ ಕೊಳೆಯುತ್ತದೆ.

ಸಿಲಿಕೋನ್ ಬಟ್ಟೆಗೆ ಸಿಲಿಕೋನೇ ಮದ್ದು. ಸಿಲಿಕೋನ್ ಸೀಲೆಂಟನ್ನು ತೆಳುವಾಗಿ ಹಚ್ಚಿ, ಅದೇ ಜಾತಿಯ ಬಟ್ಟೆಯ ಚೂರು ಒತ್ತಿ, ಮೇಲೆ ಭಾರವಿಟ್ಟು ರಾತ್ರಿಯಿಡೀ ಬಿಡಬೇಕು. ಪಿಯು ಬಟ್ಟೆಗೆ ಹಚ್ಚುವ ಯುರಿಥೇನ್ ಗಮ್ಮೂ ಗಾಳಿಯ ತೇವ ಹೀರಿ ಗಟ್ಟಿಯಾಗಲು ಎಂಟರಿಂದ ಹನ್ನೆರಡು ಗಂಟೆ ತೆಗೆದುಕೊಳ್ಳುತ್ತದೆ. ನಮ್ಮ ಬೆಟ್ಟಗಳ ಚಾರಣ ಬಹುತೇಕ ಒಂದು ಹಗಲು, ಹೆಚ್ಚೆಂದರೆ ಒಂದು ರಾತ್ರಿ. ಬೆಟ್ಟದಲ್ಲಿ ಟೇಪು, ಗಮ್ಮಿನ ಕೆಲಸ ಮನೆಯಲ್ಲಿ ಎನ್ನುವುದು ಒಳ್ಳೆಯ ಪದ್ಧತಿ. ಹಿಮಾಲಯದಂಥ ಕಡೆಗೆ ಹಲವು ದಿನ ಹೋಗುವವರು ಮಾತ್ರ ಗಮ್ಮಿನ ಟ್ಯೂಬು ಹೊರಲಿ.

ಸೊಳ್ಳೆ ಜಾಲರಿಯಲ್ಲಿ ಮುಳ್ಳಿನ ತೂತು ಕಡಲೆಕಾಳಿಗಿಂತ ಚಿಕ್ಕದಿದ್ದರೆ ಸೂಜಿ ದಾರದಿಂದ ಸುತ್ತ ಹಾಯಿಸಿ ಎಳೆದು ಗಂಟು ಹಾಕಿದರೆ ಮುಗಿಯಿತು.

ಮುರಿದ ಪೋಲು

ಪೋಲು ಮುರಿಯಲು ಗಾಳಿ ಕಾರಣ ಎಂದು ಬೈಯುತ್ತೇವೆ. ಹೆಚ್ಚಿನ ಸಲ ಕಾರಣ ಒಂದು ತುಂಡು ಇನ್ನೊಂದರೊಳಗೆ ಪೂರ್ತಿ ಕೂರದೇ ಇರುವುದು. ಅರ್ಧ ಸೆಂಟಿಮೀಟರ್ ಹೊರಗುಳಿದರೂ ಬಾಗಿಸಿದಾಗ ಭಾರವೆಲ್ಲ ಕೊಳವೆಯ ಬಾಯಿಯ ಮೇಲೆ ಬಿದ್ದು ಸೀಳುತ್ತದೆ. ಒಂದು ತುದಿ ಹಿಡಿದು ಪೋಲನ್ನು ಝಾಡಿಸಿದರೆ ಒಳಗಿನ ಎಲಾಸ್ಟಿಕ್ ದಾರ ತಾನಾಗಿಯೇ ಜೋಡಿಸುತ್ತದೆ ನಿಜ, ಆದರೆ ತುಂಡುಗಳು ಒಂದಕ್ಕೊಂದು ಬಡಿದು ಬಾಯಿ ಚಪ್ಪಟೆಯಾಗುತ್ತದೆ. ಒಂದೊಂದಾಗಿ ಕೈಯಿಂದ ಸೇರಿಸಿ. ಬಿಚ್ಚುವಾಗ ನಡುವಿನಿಂದ ಶುರುಮಾಡಿ ಎರಡೂ ಕಡೆಗೆ ಹೋಗಿ, ದಾರದ ಮೇಲೆ ಎಳೆತ ಸಮನಾಗಿರುತ್ತದೆ.

ಅಲ್ಯುಮಿನಿಯಂ ಪೋಲಾದರೆ: ಬಾಗಿದ್ದನ್ನು ಮೆಲ್ಲಗೆ ನೇರ ಮಾಡಿ. ಚಪ್ಪಟೆಯಾದ, ಹೊರಚಾಚಿದ ಲೋಹದ ಅಂಚನ್ನು ಇಕ್ಕಳದಿಂದ ದುಂಡಗೆ ಒತ್ತಿ. ಎಂಟು, ಹತ್ತು ಸೆಂಟಿಮೀಟರ್ ಉದ್ದದ ಕೊಳವೆಯನ್ನು ತುದಿಯಿಂದ ಜಾರಿಸಿ, ಮುರಿದ ಜಾಗ ಸರಿಯಾಗಿ ಅದರ ನಡುವೆ ಬರುವಂತೆ ನಿಲ್ಲಿಸಿ, ಎರಡೂ ತುದಿಗೆ ಟೇಪು ಸುತ್ತಿ. ಕೊಳವೆಯ ಒಳವ್ಯಾಸ ಪೋಲಿಗಿಂತ ಅರ್ಧದಿಂದ ಒಂದು ಮಿ.ಮೀ. ಹೆಚ್ಚಿರಲಿ. ಅದಕ್ಕಿಂತ ಸಡಿಲವಾದರೆ ಪೋಲು ಒಳಗೆ ಕತ್ತರಿಯಂತೆ ಬಾಗುತ್ತದೆ. ಟೆಂಟಿನ ಜೊತೆ ಕೊಳವೆ ಬಂದಿಲ್ಲದಿದ್ದರೆ ಲೇಥ್ ಕೆಲಸದವರ ಬಳಿ ಅಲ್ಯುಮಿನಿಯಂ ಪೈಪಿನ ತುಂಡು ಕತ್ತರಿಸಿಕೊಳ್ಳಿ. ಪೋಲನ್ನೇ ಕೈಯಲ್ಲಿ ಒಯ್ಯಿರಿ, ಅಳತೆ ಹೇಳುವುದಕ್ಕಿಂತ ಅದು ಮೇಲು. ಬಾಯಿಯ ಚೂಪನ್ನು ಉಪ್ಪುಕಾಗದದಿಂದ ತಿಕ್ಕದಿದ್ದರೆ ಅದು ಟೆಂಟಿನ ಬಟ್ಟೆಯನ್ನು ಕೊಯ್ಯುತ್ತದೆ.

ಅಗ್ಗದ ಟೆಂಟುಗಳ ಫೈಬರ್ ಪೋಲು ಅಡ್ಡಕ್ಕೆ ಮುರಿಯುವುದಿಲ್ಲ, ಕಬ್ಬಿನ ಸಿಪ್ಪೆಯಂತೆ ಉದ್ದಕ್ಕೆ ಸೀಳುತ್ತದೆ. ಬರಿಗೈಯಲ್ಲಿ ಸವರಬೇಡಿ, ಗಾಜಿನ ಎಳೆ ಚರ್ಮದೊಳಗೆ ಹೊಕ್ಕರೆ ಕಣ್ಣಿಗೂ ಕಾಣದು, ಕೀಳಲೂ ಬಾರದು. ಮೊದಲು ಸೀಳಿದ ಭಾಗಕ್ಕೆ ಟೇಪು ಸುತ್ತಿ ಎಳೆಗಳನ್ನು ಮುಚ್ಚಿ. ಈ ಪೋಲುಗಳ ಕೀಲಿನಲ್ಲಿ ಉಕ್ಕಿನ ಕೊಳವೆ ಹೊರಗಡೆ ಇರುವುದರಿಂದ ರಿಪೇರಿ ಕೊಳವೆ ಅದನ್ನು ದಾಟಿ ಜಾರುವುದಿಲ್ಲ. ಇಲ್ಲಿ ಮುರಿದ ಕಾಲಿಗೆ ದಬ್ಬೆ ಕಟ್ಟುವ ಕ್ರಮವೇ ಸರಿ: ಎರಡು ಟೆಂಟು ಗೂಟಗಳನ್ನು ಎರಡು ಬದಿಗಿಟ್ಟು, ಮೂರು ಕಡೆ ಬಿಗಿಯಾಗಿ ಟೇಪು, ಅದರ ಮೇಲೆ ದಾರ. ಗೂಟದ ಚೂಪು ತುದಿ ಬಟ್ಟೆಯ ಕಡೆಗಿರಬಾರದು.

ಜಿಪ್ಪು ಬಾಯಿ ಬಿಡುತ್ತಿದೆ

ರನ್ನರ್ ಎಳೆದರೆ ಮುಂದೆ ಹೋಗುತ್ತದೆ, ಹಿಂದೆ ಹಲ್ಲು ಹಾಗೇ ಬಿಚ್ಚಿಕೊಂಡಿರುತ್ತದೆ. ಇದರಲ್ಲಿ ಹಲ್ಲಿನ ತಪ್ಪು ಕಡಿಮೆ. ದೂಳು ಉಜ್ಜಿ ಉಜ್ಜಿ ರನ್ನರಿನ ಒಳಗಿನ ಸಂದು ಅಗಲವಾಗಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮಣ್ಣು ಕೆಡವಿ, ರನ್ನರನ್ನು ಪೂರ್ತಿ ಶುರುವಿನ ಕಡೆಗೆ ತನ್ನಿ. ರನ್ನರಿಗೆ ಎರಡು ತುದಿ: ಒಂದರಲ್ಲಿ ಎರಡು ಬಾಯಿ, ಇನ್ನೊಂದರಲ್ಲಿ ಒಂದೇ. ಒಂದೇ ಬಾಯಿಯ ತುದಿಯಲ್ಲಿ, ಮೇಲಿನ ಕೆಳಗಿನ ತಗಡು ಹತ್ತಿರವಾಗುವಂತೆ ಇಕ್ಕಳದಿಂದ ಮೊದಲು ಎಡಬದಿ, ಆಮೇಲೆ ಬಲಬದಿ ತುಸುವೇ ಒತ್ತಿ. ಎಳೆದು ನೋಡಿ. ಸಾಲದಿದ್ದರೆ ಮತ್ತೆ ತುಸು. ಒಂದೇ ಸಲ ಜೋರಾಗಿ ಒತ್ತಿದರೆ ಎರಕದ ಲೋಹ ಟಕ್ಕನೆ ಮುರಿಯುತ್ತದೆ. ಹೀಗೆ ಒತ್ತಿದ ರನ್ನರ್ ಇನ್ನಷ್ಟು ದಿನ ಓಡೀತು, ಶಾಶ್ವತವಲ್ಲ. ಊರಿಗೆ ಮರಳಿದ ಮೇಲೆ ಬಸ್ ನಿಲ್ದಾಣದ ಆಸುಪಾಸಿನ ಬ್ಯಾಗ್ ರಿಪೇರಿಯವರಿಂದ ಅದೇ ಅಂಕಿಯ ಹೊಸ ರನ್ನರ್ ಹಾಕಿಸಿ.

ಜಿಪ್ಪಿಗೆ ಅಡುಗೆ ಎಣ್ಣೆ, ಕೊಬ್ಬರಿ ಎಣ್ಣೆ ಹಾಕಬೇಡಿ. ಆ ಕ್ಷಣಕ್ಕೆ ನುಣ್ಣಗೆ ಓಡುತ್ತದೆ. ಮರುದಿನ ಕೆಮ್ಮಣ್ಣು ಅಂಟಿ ಅರೆಯುವ ಕಲ್ಲಾಗುತ್ತದೆ. ಹಲ್ಲು ಕಿತ್ತುಹೋಗಿದ್ದರೆ ಆ ಜಾಗದ ಕೆಳಗೆ ಅಡ್ಡವಾಗಿ ಏಳೆಂಟು ಹೊಲಿಗೆ ಹಾಕಿ. ಬಾಗಿಲು ಅಷ್ಟು ಚಿಕ್ಕದಾಗುತ್ತದೆ, ಉಳಿದದ್ದು ಮುಚ್ಚುತ್ತದೆ.

ಗಾಳಿ ಮ್ಯಾಟು ಮೆತ್ತಗಾಗಿದೆ

ತೂತು ಹುಡುಕುವ ಮೊದಲು ಲೆಕ್ಕ ಹಾಕಿ. ಸಂಜೆ 30 ಡಿಗ್ರಿಯಲ್ಲಿ ಊದಿದ ಗಾಳಿ ಬೆಳಗಿನ ಜಾವ 16 ಡಿಗ್ರಿಗೆ ಇಳಿದರೆ ನೂರಕ್ಕೆ ಐದರಷ್ಟು ಕುಗ್ಗುತ್ತದೆ. ಮಲಗುವ ಮುನ್ನ, ತಂಪಾದ ಮೇಲೆ ಒಮ್ಮೆ ಗಾಳಿ ತುಂಬಿ. ಬೆಳಿಗ್ಗೆವರೆಗೆ ಗಟ್ಟಿಯಿದ್ದರೆ ತೂತಿಲ್ಲ. ಒಂದು ಗಂಟೆಯಲ್ಲಿ ಸೊಂಟ ನೆಲಕ್ಕೆ ತಾಗಿದರೆ ಇದೆ.

ಹುಡುಕುವುದನ್ನು ವಾಲ್ವಿನಿಂದ ಶುರುಮಾಡಿ. ಬಾಯಿಗೆ ಎಂಜಲು ಹಚ್ಚಿ ಗುಳ್ಳೆ ಬರುತ್ತದೋ ನೋಡಿ. ಮರಳಿನ ಒಂದು ಕಣ ಸಿಕ್ಕಿಕೊಂಡಿದ್ದರೂ ಗಾಳಿ ಹೋಗುತ್ತದೆ, ಒರೆಸಿದರೆ ಸರಿ. ವಾಲ್ವು ಸರಿಯಿದ್ದರೆ ಮ್ಯಾಟನ್ನು ಗಟ್ಟಿಯಾಗಿ ಊದಿ, ಅರ್ಧಕ್ಕೆ ಮಡಚಿ ಒತ್ತಡ ಹೆಚ್ಚಿಸಿ, ಒದ್ದೆ ಕೆನ್ನೆಯ ಹತ್ತಿರ ಭಾಗಭಾಗವಾಗಿ ಹಿಡಿಯಿರಿ. ಬೆಟ್ಟದ ಮೇಲೆ ಕುಡಿಯುವ ನೀರಿಗೇ ಬರ, ಸೋಪಿನ ನೀರು ಚೆಲ್ಲುವ ಹಾಗಿಲ್ಲ. ಅನುಮಾನದ ಜಾಗಕ್ಕೆ ಮಾತ್ರ ಎರಡು ಬೆರಳಿನಷ್ಟು ನೊರೆ ಸವರಿ. ಸಿಕ್ಕ ತೂತಿಗೆ ತಕ್ಷಣ ಬಾಲ್‌ಪೆನ್ನಿನಿಂದ ಸುತ್ತು ಹಾಕಿ, ಗಾಳಿ ಇಳಿದ ಮೇಲೆ ಅದು ಮತ್ತೆ ಕಾಣುವುದಿಲ್ಲ.

ಸೈಕಲ್ ಪಂಕ್ಚರಿನ ಸೊಲ್ಯೂಷನ್ ಇಲ್ಲಿ ಕೆಲಸ ಮಾಡದಿರುವುದಕ್ಕೆ ಕಾರಣ ಇದೆ. ಅದು ರಬ್ಬರನ್ನು ರಬ್ಬರಿಗೆ ಬೆಸೆಯಲು ಮಾಡಿದ್ದು. ಮ್ಯಾಟಿನ ಮೈ ರಬ್ಬರಲ್ಲ, ಯುರಿಥೇನ್ ಲೇಪದ ನೈಲಾನು. ಫೆವಿಕ್ವಿಕ್ ಹಚ್ಚಿದರೆ ಗಾಜಿನಂತೆ ಗಟ್ಟಿಯಾಗಿ, ಮಡಚಿದಾಗ ಬಿರಿದು ತೂತನ್ನು ದೊಡ್ಡದು ಮಾಡುತ್ತದೆ. ಪೂರ್ತಿ ಗಾಳಿ ತೆಗೆದು, ಸ್ಪಿರಿಟ್‌ನಲ್ಲಿ ಒರೆಸಿ, ಆರಿದ ಮೇಲೆ ಟೆಂಟಿಗೆ ಹಾಕುವ ಅಂಟುತೇಪೆಯ ದುಂಡು ಚೂರು ಒತ್ತಿ ಹಿಡಿಯಿರಿ. ರಾತ್ರಿ ಕಳೆಯಲು ಸಾಕು. ಮ್ಯಾಟು ಹಾಸುವ ಮೊದಲು ನೆಲವನ್ನು ಅಂಗೈಯಿಂದ ಸವರಿ ಜಾಲಿಮುಳ್ಳು ಆರಿಸುವ ಐದು ನಿಮಿಷ ಈ ಕೆಲಸವನ್ನೆಲ್ಲ ಉಳಿಸುತ್ತದೆ.

ಶೂ ಅಟ್ಟೆ ಬಿಟ್ಟುಕೊಂಡಿದೆ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟೆಂಟು ಹರಿದರೆ ಚಳಿ, ಅಷ್ಟೆ. ಬಂಡೆ ಇಳಿಯುವಾಗ ಅಟ್ಟೆ ಕಳಚಿದರೆ ಜೀವಕ್ಕೆ ಸಂಚಕಾರ. ನಾಲ್ಕೈದು ವರ್ಷ ಪೆಟ್ಟಿಗೆಯಲ್ಲಿಟ್ಟ, ಹೊರಗೆ ಹೊಸದರಂತೆ ಕಾಣುವ ಶೂಗಳೇ ಹೆಚ್ಚು ಅಪಾಯ. ಅಟ್ಟೆಗೂ ಮೇಲ್ಭಾಗಕ್ಕೂ ನಡುವಿನ ಪಾಲಿಯುರಿಥೇನ್ ಪದರ ಗಾಳಿಯ ತೇವಕ್ಕೆ ಒಳಗೊಳಗೇ ಪುಡಿಯಾಗಿರುತ್ತದೆ. ಮನೆಯಲ್ಲೇ ಹೆಬ್ಬೆರಳ ಉಗುರಿನಿಂದ ಆ ಪದರ ಒತ್ತಿ ನೋಡಿ. ಸಣ್ಣ ಬಿರುಕು ಕಂಡರೆ, ಪುಡಿ ಉದುರಿದರೆ ಆ ಶೂ ಬೆಟ್ಟಕ್ಕೆ ಬೇಡ, ಯಾವ ಗಮ್ಮೂ ಪುಡಿಯನ್ನು ಹಿಡಿದು ನಿಲ್ಲಿಸದು.

ಪದರ ಗಟ್ಟಿಯಿದ್ದು ಅಂಟು ಮಾತ್ರ ಬಿಟ್ಟಿದ್ದರೆ ರಿಪೇರಿ ಸಾಧ್ಯ. ಮನೆಯಲ್ಲಾದರೆ ಫೆವಿಬಾಂಡ್‌ನಂಥ ರಬ್ಬರ್ ಗಮ್ಮನ್ನು ಎರಡೂ ಮೈಗೆ ತೆಳುವಾಗಿ ಹಚ್ಚಿ, ಕೈಗೆ ಅಂಟದಷ್ಟು ಒಣಗುವವರೆಗೆ ಹತ್ತು ಹದಿನೈದು ನಿಮಿಷ ಕಾದು, ಜೋರಾಗಿ ಒತ್ತಿ ರಾತ್ರಿಯಿಡೀ ಕಟ್ಟಿಡಿ. ಹಸಿಯಾಗಿರುವಾಗಲೇ ಸೇರಿಸುವುದು ಎಲ್ಲರೂ ಮಾಡುವ ತಪ್ಪು. ಇನ್ನೂ ಭದ್ರ ಬೇಕೆಂದರೆ ಚಪ್ಪಲಿ ರಿಪೇರಿಯವರ ಬಳಿ ಸುತ್ತ ಹೊಲಿಗೆ ಹಾಕಿಸಿ.

ದಾರಿಯಲ್ಲಾದರೆ ಎರಡು ಮಿ.ಮೀ. ಹಗ್ಗ. ಹಿಮ್ಮಡಿಯ ಮುಂದೆ ಅಟ್ಟೆಯಲ್ಲಿ ತಗ್ಗು ಇರುತ್ತದಲ್ಲ, ಹಗ್ಗವನ್ನು ಅಲ್ಲಿ ಹಾಯಿಸಿ ಲೇಸಿನ ಕೊಕ್ಕೆಗೆ ಕಟ್ಟಿ. ಆ ಜಾಗ ನೆಲಕ್ಕೆ ತಾಗದ ಕಾರಣ ಬೇಗ ಸವೆಯದು. ಮೂತಿಯ ಕಡೆ ಬಿಟ್ಟಿದ್ದರೆ ಅಟ್ಟೆಯ ಗೀರುಗಳೊಳಗೆ ಹಗ್ಗ ಕೂರಿಸಿ ಸುತ್ತಿ. ಗಂಟು ಯಾವಾಗಲೂ ಮೇಲೆ. ಟೇಪನ್ನು ಅಟ್ಟೆಯಡಿ ಸುತ್ತಬೇಡಿ, ಬಂಡೆಯ ಮೇಲೆ ಅದು ಜಾರುತ್ತದೆ. ಮಧುಗಿರಿಯಂಥ ಕಡಿದಾದ ಇಳಿಜಾರಿನಲ್ಲಿ ಇಂಥ ಶೂ ತೊಟ್ಟು ಮೇಲೆ ಹೋಗುವುದನ್ನು ಅಲ್ಲಿಗೇ ಬಿಟ್ಟು, ಕಂಬಿ ಹಿಡಿದು ಇಳಿಯಿರಿ.

ಹಗ್ಗ, ಬಕಲ್, ಭುಜಪಟ್ಟಿ

ಬರೀ ಬಂಡೆಯಲ್ಲಿ ಗೂಟ ಇಳಿಯದು, ಕಲ್ಲಿಗೆ ಹಗ್ಗ ಸುತ್ತುತ್ತೇವೆ. ಗಾಳಿಗೆ ಟೆಂಟು ಅಲುಗಿದಷ್ಟೂ ಕಲ್ಲಿನ ಅಂಚು ಹಗ್ಗವನ್ನು ಗರಗಸದಂತೆ ಕೊಯ್ಯುತ್ತದೆ. ಹಗ್ಗದ ಕುಣಿಕೆಯೊಳಗೆ ಗೇಣುದ್ದದ ಗಟ್ಟಿ ಕಡ್ಡಿ ತೂರಿಸಿ, ಕಡ್ಡಿಯ ಮೇಲೆ ಭಾರದ ಕಲ್ಲು ಹೇರಿ. ಹಗ್ಗಕ್ಕೆ ಕಲ್ಲು ತಾಗುವುದೇ ಇಲ್ಲ. ಕಡ್ಡಿ ಸಿಗದಿದ್ದರೆ ಅಂಚಿಗೆ ಹಳೆ ಸಾಕ್ಸ್ ಸುತ್ತಿ.

ಬಕಲ್ ಮುರಿದರೆ, ಪಟ್ಟಿ ಹಾಯುವ ಕಂಬಿಯಲ್ಲಿ ಸೀಳು ಇರುವ ಬಕಲ್ಲೇ ಬೇಕು; ಪಟ್ಟಿಯ ಹೊಲಿಗೆ ಬಿಚ್ಚದೆ ಅದನ್ನು ಏರಿಸಬಹುದು. ಭುಜಪಟ್ಟಿಯ ಬುಡ ಕಿತ್ತರೆ ಗೋಣಿಚೀಲ ಹೊಲೆಯುವ ದಬ್ಬಳದಲ್ಲಿ ದಪ್ಪ ಪಾಲಿಯೆಸ್ಟರ್ ದಾರ ಜೋಡಿಯಾಗಿ ಪೋಣಿಸಿ, ಚೌಕವಾಗಿ ಸುತ್ತ, ಆಮೇಲೆ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿಯಿರಿ. ಹಳೆ ತೂತುಗಳಲ್ಲೇ ಮತ್ತೆ ಹೊಲಿಯಬೇಡಿ, ಅಲ್ಲಿ ಬಟ್ಟೆ ಆಗಲೇ ಸೋತಿದೆ. ಒಂದು ಸೆಂಟಿಮೀಟರ್ ಒಳಕ್ಕೆ ಹೋಗಿ.

ಚೀಲದಲ್ಲಿ ಇರಬೇಕಾದ್ದು

ಎರಡು ಮೂರು ಜನರ ತಂಡಕ್ಕೆ ಒಂದೇ ಕಿಟ್ ಸಾಕು. ಪೋಲಿನ ಅಳತೆಯ ಕೊಳವೆ ಒಂದು. ಬಟ್ಟೆಗೆ ಹೊಂದುವ ಅಂಟುತೇಪೆ, ಏಳೂವರೆ ಸೆಂ.ಮೀ. ಅಗಲದ್ದು ಅರ್ಧ ಮೀಟರ್. ಬಟ್ಟೆ ಟೇಪು ಒಂದೂವರೆ ಮೀಟರ್. ಉರುಳೆ ಸಮೇತ ಒಯ್ಯದೆ ಪೆನ್ನಿಗೆ ಸುತ್ತಿ. ಅದು ಏಪ್ರಿಲ್ ಬಿಸಿಲಿಗೆ ಸಿಕ್ಕರೆ ಅಂಟು ಕರಗಿ ಬದಿಗೆ ಜಿನುಗುತ್ತದೆ, ಬ್ಯಾಗಿನ ನಡುವೆ ಇಡಿ, ವರ್ಷಕ್ಕೊಮ್ಮೆ ಬದಲಿಸಿ. ಸ್ಪಿರಿಟ್ ಬಿಲ್ಲೆ ನಾಲ್ಕು. ಸಣ್ಣ ಸೂಜಿ ಒಂದು, ದಬ್ಬಳ ಒಂದು, ತುದಿಗೆ ಬೆಂಡು ಚುಚ್ಚಿರಲಿ. ಪಾಲಿಯೆಸ್ಟರ್ ದಾರ ಹತ್ತು ಮೀಟರ್, ಎರಡು ಮಿ.ಮೀ. ಹಗ್ಗ ಐದು ಮೀಟರ್. ಪ್ಲಾಸ್ಟಿಕ್ ಕೇಬಲ್ ಟೈ ಆರು, ಪಿನ್ನು ನಾಲ್ಕು, ಬಕಲ್ ಒಂದು, ರನ್ನರ್ ಒಂದು, ಅಂಗೈಯಗಲ ಉಪ್ಪುಕಾಗದ, ಅಳತೆಯ ಚೀಟಿ. ಕತ್ತರಿಸಲೂ ಒತ್ತಲೂ ಆಗುವ ಚಿಕ್ಕ ಇಕ್ಕಳ ಬೇರೆ. ಇಕ್ಕಳ ಬಿಟ್ಟರೆ ಎಲ್ಲವೂ ಒಂದು ಕೈಯ ಮುಷ್ಟಿಯಷ್ಟು.

ಹಗಲು ಹತ್ತಿ ಹಗಲೇ ಇಳಿಯುವವರು ಟೆಂಟಿನ ಸಾಮಾನು ತೆಗೆದಿಡಿ. ಹಗ್ಗ, ಬಟ್ಟೆ ಟೇಪು, ಕೇಬಲ್ ಟೈ, ದಬ್ಬಳ, ದಾರ ಮಾತ್ರ ತೆಗೆಯಬೇಡಿ.

ಮನೆಗೆ ಬಂದ ದಿನವೇ ಟೆಂಟನ್ನು ನೆರಳಿನಲ್ಲಿ ಎರಡೂ ಬದಿ ಒಣಗಿಸಿ, ದಾರಿಯಲ್ಲಿ ಹಚ್ಚಿದ ಟೇಪು ಕಿತ್ತು, ಅಂಟು ಒರೆಸಿ ಶಾಶ್ವತ ತೇಪೆ ಹಾಕಿ. ಟೇಪು ತಿಂಗಳುಗಟ್ಟಲೆ ಉಳಿದರೆ ಅದರ ಅಂಟು ಬಟ್ಟೆಯೊಳಗೆ ಇಳಿದು ಆಮೇಲೆ ಯಾವ ತೇಪೆಯೂ ಕೂರುವುದಿಲ್ಲ. ಒಮ್ಮೆ ಒಡೆದ ಯುರಿಥೇನ್ ಗಮ್ಮಿನ ಟ್ಯೂಬು ಮುಚ್ಚಳ ಬಿಗಿದಿದ್ದರೂ ಒಳಗೇ ಗಟ್ಟಿಯಾಗುತ್ತದೆ. ಜಿಪ್ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿಟ್ಟರೆ ಇನ್ನೊಂದು ಸಲಕ್ಕೆ ಬಂದೀತು. ಖರ್ಚಾದದ್ದನ್ನು ಅಂದೇ ಚೀಟಿಯ ಹಿಂದೆ ಬರೆದಿಡಿ.